ತ್ರೈಮಾಸಿಕದಲ್ಲಿ ಬಂದ ಪ್ರಶ್ನೆ

ನಲವತ್ತೇಳನೇ ವಯಸ್ಸಿನಲ್ಲಿ ಕಳ್ಳಿ ಅನ್ನಿಸಿಕೊಳ್ಳುವುದು ಯಾರಿಗೂ ಬೇಡ. ಅದರಲ್ಲೂ ತನ್ನದೇ ಸೊತ್ತನ್ನು ತಾನೇ ಕದ್ದೆ ಅನ್ನಿಸಿಕೊಳ್ಳುವುದಂತೂ ಬೇಡವೇ ಬೇಡ.

ಅವಳು ಗಂಡನ ಕನ್ನಡಕದ ಅಂಗಡಿಯಲ್ಲಿ ಕೌಂಟರ್ ನೋಡಿಕೊಳ್ಳುತ್ತಿದ್ದಳು. ಮಗಳು ಕೆಲಸಕ್ಕೆ ಸೇರಿದ ಮೇಲೆ, ಬಿಟ್ಟುಹೋದ ಓದನ್ನು ಮುಗಿಸಿಯೇ ಬಿಡುತ್ತೇನೆಂದು ಸಂಜೆ ಕಾಲೇಜಿನ ಎಂ.ಎ.ಗೆ ಸೇರಿದ್ದಳು. ತರಗತಿಯಲ್ಲಿ ಉಳಿದವರೆಲ್ಲ ಅವಳ ಅರ್ಧ ವಯಸ್ಸಿನವರು. ಅವರು ಅವಳನ್ನು ಅಕ್ಕ ಎನ್ನುತ್ತಿದ್ದರು, ನಾವೂ ಹಾಗೇ ಅನ್ನೋಣ.

ಅಕ್ಕ ಪ್ರಬಂಧಕ್ಕೆ ಆರಿಸಿಕೊಂಡದ್ದು ಒಂದು ಸಣ್ಣ ಹಳೆಯ ಕಾದಂಬರಿ. ಹೇಳದೆ ಕೇಳದೆ ಊರು ಬಿಟ್ಟು ಹೋದ ಗಂಡ ಎಷ್ಟೋ ವರ್ಷದ ಮೇಲೆ ಮರಳಿ ಬರುತ್ತಾನೆ. ಅವನು ರಸ್ತೆಯ ತಿರುವಿನಲ್ಲಿ ಕಾಣಿಸಿದ್ದೇ ತಡ, ಹೆಂಡತಿ ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾಳೆ. ಅಲ್ಲಿಗೆ ಕಾದಂಬರಿ ಮುಗಿಯುತ್ತದೆ. ವಿಮರ್ಶಕರು ಆ ಬಾಗಿಲಿನ ಮೇಲೆ ಬರೆದದ್ದೇ ಬರೆದದ್ದು. ಸಿಟ್ಟು ಅಂದವರು ಕೆಲವರು, ಸ್ವಾಭಿಮಾನ ಅಂದವರು ಹಲವರು. ಅಕ್ಕ ಇವರನ್ನೆಲ್ಲ ಉಲ್ಲೇಖಿಸಿ, ಇವರ್ಯಾರಿಗೂ ವಿಷಯ ತಿಳಿದಿಲ್ಲ ಎಂದು ಬರೆದಿದ್ದಳು. ಬಾಗಿಲು ತೆರೆದಿದ್ದರೆ ಬಂದವನು ನೇರ ಒಳಗೆ ನುಗ್ಗುತ್ತಾನೆ. ಅವನು ನಿಂತು ತಟ್ಟಬೇಕು, ಬರಲೇ ಎಂದು ಕೇಳಬೇಕು. ಅದಕ್ಕಾಗಿಯೇ ಆಕೆ ಬಾಗಿಲು ಹಾಕಿಕೊಂಡದ್ದು.

ಪ್ರಬಂಧಕ್ಕೆ ಮಾರ್ಗದರ್ಶಕರಾಗಿದ್ದ ಮೇಡಂ ಕರಡನ್ನು ಮೇಜಿನ ಮೇಲಿಟ್ಟು, ಆ ಸಾಲಿನ ಕೆಳಗೆ ಕೆಂಪು ಗೆರೆ ಎಳೆದಿದ್ದನ್ನು ತೋರಿಸಿದರು. ಅಕ್ಕನಿಗಿಂತ ಹದಿನೈದು ವರ್ಷ ಚಿಕ್ಕವರು, ಆದರೆ ಓದಿಕೊಂಡವರು.

"ಇದನ್ನ ಎಲ್ಲಿಂದ ತಗೊಂಡ್ರಿ?"

"ಎಲ್ಲಿಂದಲೂ ಇಲ್ಲ ಮೇಡಂ. ನನಗೇ ಹೊಳೆದದ್ದು."

"ಎಲ್ರೂ ಹಾಗೇ ಹೇಳ್ತಾರೆ. ಇದು ತುಂಬಾ ಪ್ರಸಿದ್ಧವಾದ ಮಾತು ಕಣ್ರೀ, ಇಪ್ಪತ್ತೈದು ವರ್ಷದ ಹಿಂದೇನೇ ಬಂದಿದೆ." ಮೇಡಂ ಒಬ್ಬ ವಿಮರ್ಶಕರ ಹೆಸರು ಹೇಳಿದರು, ಮುಂದೆ ಎರಡು ಇನಿಷಿಯಲ್ ಸೇರಿಸಿ, ಭಕ್ತಿಯಿಂದ. "ಮೂಲ ಲೇಖನ ಹುಡುಕಿ, ಅಡಿಟಿಪ್ಪಣಿ ಹಾಕಿ. ಇಲ್ಲದಿದ್ರೆ ಕದ್ದ ಹಾಗಾಗುತ್ತೆ. ಸೋಮವಾರ ಕೊನೇ ದಿನ."

ಅಕ್ಕ ಹೂಂ ಅಂದಳು.

ಲೋಕಕ್ಕೆಲ್ಲ ಎರಡು ಇನಿಷಿಯಲ್ಲಿನ ಆ ದೊಡ್ಡ ಮನುಷ್ಯ ಅವಳಿಗೆ ಕೊಕ್ಕರೆ. ಉದ್ದ ಕಾಲು, ಉದ್ದ ಕುತ್ತಿಗೆ, ಪುಸ್ತಕದ ಕಪಾಟಿನ ಮುಂದೆ ಒಂದೇ ಕಾಲಿನ ಮೇಲೆ ಭಾರ ಹಾಕಿ ಗಂಟೆಗಟ್ಟಲೆ ನಿಲ್ಲುವ ಚಾಳಿ. ಹೆಸರಿಟ್ಟವಳು ಅವಳೇ. ಅವನು ಅವಳಿಗೆ ಇಟ್ಟ ಹೆಸರು ತಕರಾರಮ್ಮ. ಇಪ್ಪತ್ತೆರಡರ ವಯಸ್ಸಿನಲ್ಲಿ ಇಬ್ಬರೂ ಇದೇ ಊರಿನ ಗ್ರಂಥಾಲಯದಲ್ಲಿ ಒಂದು ತ್ರೈಮಾಸಿಕಕ್ಕೆ ಕಾದು ಕೂರುತ್ತಿದ್ದರು. ಬಂದ ದಿನವೇ ಅದನ್ನು ಇಬ್ಬರ ನಡುವೆ ಇಟ್ಟುಕೊಂಡು ಓದಿ, ಹೊರಗಿನ ಕಲ್ಲುಬೆಂಚಿನ ಮೇಲೆ ಜಗಳಕ್ಕೆ ಕೂರುತ್ತಿದ್ದರು. ಬಾಗಿಲಿನ ಮಾತನ್ನು ಅವಳು ಹೇಳಿದ್ದು ಆ ಬೆಂಚಿನ ಮೇಲೆಯೇ.

ಆಮೇಲೆ ಒಂದು ದಿನ ಅವನು ಬಂದು, ದೂರದ ಊರಿನಲ್ಲಿ ಉಪನ್ಯಾಸಕನ ಕೆಲಸ ಸಿಕ್ಕಿದೆ, ಮುಂದಿನ ವಾರ ಹೊರಡುತ್ತೇನೆ ಅಂದ. ಬರುತ್ತೀಯಾ ಅನ್ನಲಿಲ್ಲ, ಹೋಗಲಾ ಅಂತಲೂ ಕೇಳಲಿಲ್ಲ. ಅವಳಿಗೆ ಮೈಯೆಲ್ಲ ಉರಿದುಹೋಯಿತು. "ಹೋಗು, ಚೆನ್ನಾಗಿರು. ಕಾಗದ ಗೀಗದ ಬರೀಬೇಡ," ಅಂದಳು. ಅಂದು, ಅವನು ತಿರುಗಿ ಬಂದು ಯಾಕೆ ಅಂತ ಕೇಳಲಿ ಎಂದು ಕಾದಳು. ಅವನು ಒಳ್ಳೆಯ ಹುಡುಗ, ಬರೆಯಬೇಡ ಅಂದದ್ದಕ್ಕೆ ಬರೆಯಲಿಲ್ಲ. ಅವಳೂ ಹಟಕ್ಕೆ ಬಿದ್ದು ಗ್ರಂಥಾಲಯದ ಕಡೆ ತಲೆ ಹಾಕುವುದನ್ನೇ ಬಿಟ್ಟಳು. ಎರಡು ವರ್ಷ ಕಾದು, ಮನೆಯವರು ತೋರಿಸಿದ ಕನ್ನಡಕದ ಅಂಗಡಿಯವನನ್ನು ಮದುವೆಯಾದಳು. ಅವನು ದೇವರಂಥ ಮನುಷ್ಯ, ಅದರಲ್ಲಿ ಎರಡು ಮಾತಿಲ್ಲ. ಪತ್ರಿಕೆಯಲ್ಲಿ ಕೊಕ್ಕರೆಯ ಹೆಸರು ಕಂಡಾಗಲೆಲ್ಲ ಮಾತ್ರ ಅವಳು ಪುಟ ಮಗುಚುತ್ತಿದ್ದಳು.

ಈಗ ಮಗುಚುವಂತಿರಲಿಲ್ಲ. ಮರುದಿನ ಬೆಳಿಗ್ಗೆಯೇ ಗ್ರಂಥಾಲಯಕ್ಕೆ ಹೋದಳು.

ಆ ತ್ರೈಮಾಸಿಕದ ಹಳೆಯ ಸಂಚಿಕೆಗಳನ್ನು ವರ್ಷವಾರು ಬೈಂಡ್ ಮಾಡಿಸಿ ನೆಲಮಾಳಿಗೆಯಲ್ಲಿ ಇಟ್ಟಿದ್ದರು. ಗ್ರಂಥಪಾಲಕರು ಬೀಗದ ಕೈ ಹುಡುಕುವುದಕ್ಕೇ ಕಾಲು ಗಂಟೆ ಮಾಡಿದರು. "ಈ ಸಂಪುಟ ಕೇಳ್ಕೊಂಡು ಬಂದವರಲ್ಲಿ ನೀವೇ ಮೊದಲು ಅಂತ ಕಾಣುತ್ತೆ. ಜೆರಾಕ್ಸ್ ಮಾಡೋ ಹಾಗಿಲ್ಲಮ್ಮ, ಕಾಗದ ಪುಡಿಯಾಗುತ್ತೆ. ಏನಿದ್ರೂ ಕೈಯಲ್ಲೇ ಬರ್ಕೊಳ್ಳಿ," ಎಂದು ದಪ್ಪ ಪುಸ್ತಕವನ್ನು ಧೂಳು ಕೊಡವಿ ಅವಳ ಮುಂದಿಟ್ಟರು.

ಲೇಖನ ಸಿಕ್ಕಿತು. ಅವನು ಊರು ಬಿಟ್ಟ ಆರು ತಿಂಗಳಿಗೆ ಬಂದ ಸಂಚಿಕೆ. ಹನ್ನೆರಡು ಪುಟ. ಅಕ್ಕ ಮೊದಲಿನಿಂದ ಒಂದೊಂದೇ ಸಾಲು ಬರೆದುಕೊಳ್ಳುತ್ತ ಹೋದಳು. ಅದೇ ಕೊಕ್ಕರೆ, ಅದೇ ಸುತ್ತುಬಳಸಿನ ವಾಕ್ಯ, ಒಂದು ಮಾತಿಗೆ ಮೂರು ಅಡಿಟಿಪ್ಪಣಿ. ಎರಡು ಕಡೆ ಅವಳಿಗೆ ನಗು ಬಂತು. ತನ್ನ ಮಾತು ಎಲ್ಲಿ ಬರುತ್ತದೋ, ಅದನ್ನು ಯಾರ ಹೆಸರಿನಲ್ಲಿ ಹೇಳಿರುತ್ತಾನೋ ಎಂದು ಕಣ್ಣು ಮುಂದಿನ ಸಾಲಿಗೆ ಓಡುತ್ತಲೇ ಇತ್ತು. ಅದು ಕೊನೆಯ ಪುಟದಲ್ಲಿತ್ತು.

"ತಕರಾರು ತೆಗೆಯುವುದರಲ್ಲಿ ನಿಸ್ಸೀಮರಾದ ಓದುಗರೊಬ್ಬರು ಒಮ್ಮೆ ನನಗೆ ಹೇಳಿದ್ದುಂಟು, ಆಕೆ ಬಾಗಿಲು ಹಾಕಿಕೊಂಡದ್ದು ಅವನು ತಟ್ಟಲಿ ಎಂದು. ಈ ಕೃತಿಯ ಬಗ್ಗೆ ಇದಕ್ಕಿಂತ ಒಳ್ಳೆಯ ಮಾತನ್ನು ನಾನು ಕೇಳಿಲ್ಲ. ಆದರೆ ಹೊರಗೆ ನಿಂತವನ ಪಾಡೇನು? ಅವನಿಗೆ ಕಾಣುವುದು ಮುಚ್ಚಿದ ಬಾಗಿಲೊಂದೇ. ತಟ್ಟಿದರೆ ತೆರೆಯುತ್ತದೆಂದು ಅವನಿಗೆ ಯಾರು ಹೇಳಬೇಕು? ಆ ಓದುಗರು ಈ ಪತ್ರಿಕೆಯ ಒಂದು ಸಂಚಿಕೆಯನ್ನೂ ಬಿಟ್ಟವರಲ್ಲ. ಈ ಪ್ರಶ್ನೆಗೆ ಅವರ ಉತ್ತರವನ್ನು ಎದುರು ನೋಡುತ್ತಿದ್ದೇನೆ."

ಅಕ್ಕನ ಪೆನ್ನು ನಿಂತಿತು.

ಲೋಕದಲ್ಲಿ ಗಂಡಸರು ಇಂಥ ಮಾತನ್ನು ಕಾಗದದಲ್ಲಿ ಕೇಳುತ್ತಾರೆ, ಫೋನಿನಲ್ಲಿ ಕೇಳುತ್ತಾರೆ, ಧೈರ್ಯವಿಲ್ಲದವರು ತಂಗಿಯನ್ನೋ ಗೆಳೆಯನನ್ನೋ ಕಳಿಸುತ್ತಾರೆ. ಈ ಪುಣ್ಯಾತ್ಮ ವಿಮರ್ಶೆ ಬರೆದು ಕೇಳಿದ್ದ, ಮುನ್ನೂರು ಜನ ಚಂದಾದಾರರ ಎದುರಿಗೆ. ಕಾಗದ ಬರೆಯಬೇಡ ಅಂದಿದ್ದಳಲ್ಲ, ಲೇಖನ ಬರೆಯಬೇಡ ಅಂದಿರಲಿಲ್ಲ. ಆ ಮುನ್ನೂರರಲ್ಲಿ ಓದಬೇಕಾದವಳು ಮಾತ್ರ ಮುನಿಸಿಕೊಂಡು ಮನೆಯಲ್ಲಿ ಕೂತಿದ್ದಳು.

ಅವಳು ಮುಂದಿನ ಸಂಚಿಕೆ ತೆರೆದಳು. ಓದುಗರ ಪತ್ರಗಳ ಪುಟದಲ್ಲಿ ಯಾರೋ ನಿವೃತ್ತರು ಆ ಲೇಖನದಲ್ಲಿನ ಅಚ್ಚಿನ ತಪ್ಪುಗಳನ್ನು ಪಟ್ಟಿ ಮಾಡಿದ್ದರು. ಅದರ ಮುಂದಿನದರಲ್ಲಿ ಏನೂ ಇರಲಿಲ್ಲ. ಅವನು ಎಷ್ಟು ಸಂಚಿಕೆಗಳಲ್ಲಿ ಆ ಪತ್ರಗಳ ಪುಟವನ್ನೇ ಮೊದಲು ತೆರೆದು ನೋಡಿದನೋ. ಅವಳಿಗೆ ಅವನು ಬೇಕಾಗಿತ್ತು. ಆಗ ಎಷ್ಟು ಬೇಕಾಗಿತ್ತೋ ಆ ನೆಲಮಾಳಿಗೆಯಲ್ಲೂ ಅಷ್ಟೇ ಬೇಕಾಗಿತ್ತು, ಮತ್ತು ಅದನ್ನು ಹೇಳಿಕೊಳ್ಳಲು ಈ ಭೂಮಿಯ ಮೇಲೆ ಒಬ್ಬರೂ ಇರಲಿಲ್ಲ.

ಮಧ್ಯಾಹ್ನ ಅಂಗಡಿಗೆ ಬಂದಾಗ ಗಂಡ ಮಸೂರ ಉಜ್ಜುವುದನ್ನು ನಿಲ್ಲಿಸಿ ಅವಳ ಮುಖ ನೋಡಿದ.

"ಕಣ್ಣು ಯಾಕೆ ಹೀಗೆ ಕೆಂಪಗಾಗಿದೆ?"

"ಹಳೇ ಅಚ್ಚು ರೀ. ಸಣ್ಣ ಅಕ್ಷರ."

"ನಂಬರ್ ಜಾಸ್ತಿಯಾಗಿರುತ್ತೆ. ಊರಿಗೆಲ್ಲ ಕನ್ನಡಕ ಹಾಕ್ತೀವಿ, ಮನೆಯೋಳ ಕಣ್ಣು ಕೇಳೋರಿಲ್ಲ. ಕೂತ್ಕೋ ಬಾ." ಅವಳನ್ನು ಕುರ್ಚಿಯಲ್ಲಿ ಕೂರಿಸಿ, ಮೂಗಿನ ಮೇಲೆ ಚೌಕಟ್ಟಿಟ್ಟು, ಒಂದೊಂದೇ ಗಾಜು ಬದಲಾಯಿಸಿದ. ಕೆಳಗಿನ ಸಾಲು ಓದು ಅಂದ, ಓದಿದಳು. ಎಲ್ಲ ಸರಿಯಾಗಿಯೇ ಇತ್ತು. "ನಂಬರ್ ಏನೂ ಬದಲಾಗಿಲ್ವಲ್ಲೇ," ಎಂದು ಅವನು ಗಲ್ಲ ಕೆರೆದುಕೊಂಡ. ಆಮೇಲೆ ಅವಳಿಗೊಂದು ಟೀ ತರಿಸಿದ.

ಶನಿವಾರ ಅಕ್ಕ ಮೇಡಂಗೆ ತಾನು ಬರೆದುಕೊಂಡದ್ದನ್ನು ತೋರಿಸಿದಳು. ಮೇಡಂಗೆ ಖುಷಿಯೋ ಖುಷಿ. "ನೋಡಿ, ಈ ಕೊನೇ ಪ್ರಶ್ನೇನ ಆಮೇಲೆ ಬಂದೋರು ಯಾರೂ ಎತ್ತಿಕೊಂಡಿಲ್ಲ. ಬರೀ ಉಲ್ಲೇಖಿಸಿದ್ರೆ ಸಾಲದು, ನೀವು ಉತ್ತರ ಕೊಡಿ."

"ಇಷ್ಟು ವರ್ಷ ಆದ್ಮೇಲೆ ಕೊಡಬಹುದಾ ಮೇಡಂ?"

"ಅಯ್ಯೋ, ವಿಮರ್ಶೇಲಿ ಎಂಥ ಕಾಲಮಿತಿ? ಧಾರಾಳವಾಗಿ ಕೊಡಿ."

ಭಾನುವಾರ ಇಡೀ ಅಕ್ಕ ಮುಚ್ಚಿದ ಅಂಗಡಿಯ ಕೌಂಟರಿನಲ್ಲಿ ಕೂತು ಬರೆದಳು. ಅಡಿಟಿಪ್ಪಣಿಯಲ್ಲಿ ಅವನ ಹೆಸರು ಬರೆದಳು, ಇನಿಷಿಯಲ್ ಸಮೇತ. ಸಂಚಿಕೆ, ಪುಟ ಎಲ್ಲ ನಮೂದಿಸಿದಳು. ಉತ್ತರಕ್ಕೆ ಮಾತ್ರ ನಾಲ್ಕು ಸಲ ಬರೆದು ನಾಲ್ಕು ಸಲ ಹರಿದಳು. ಐದನೆಯದು ಉಳಿಯಿತು.

ಸೋಮವಾರ ಮೇಡಂ ಅದನ್ನು ಅವಳೆದುರಿಗೇ ಓದಿದರು. ಕೊನೆಯ ಪುಟಕ್ಕೆ ಬಂದು ಗಟ್ಟಿಯಾಗಿ ಓದಿದರು. "'ವಿಮರ್ಶಕರು ಕೇಳಿದ್ದು ನ್ಯಾಯವಾಗಿದೆ. ಹೊರಗೆ ನಿಂತವನ ತಪ್ಪಿಲ್ಲ. ಅವನು ತನಗೆ ತಿಳಿದ ರೀತಿಯಲ್ಲಿ ತಟ್ಟಿಯೇ ಇದ್ದ, ಒಳಗಿದ್ದವಳಿಗೆ ಅದು ಕೇಳಿಸಲಿಲ್ಲ. ಅವನು ಹೊರಟುಹೋದ ಮೇಲೂ ಆಕೆ ಬಾಗಿಲ ಹಿಂದೆಯೇ ನಿಂತಿದ್ದಳು.'"

ಕನ್ನಡಕ ತೆಗೆದು ಅಕ್ಕನನ್ನು ನೋಡಿದರು. "ಕಾದಂಬರಿ ಮುಗಿಯೋದೇ ಬಾಗಿಲು ಹಾಕೋದ್ರಲ್ಲಿ. ಅವನು ತಟ್ಟಿದ ಅಂತ ಎಲ್ಲಿದೆ? ಹೊರಟುಹೋದ ಅಂತ ಎಲ್ಲಿದೆ?"

"ಇಲ್ಲ ಮೇಡಂ."

"ಬೇರೆ ಯಾರಾದ್ರೂ ವಿಮರ್ಶಕರು ಹೇಳಿದ್ದಾರಾ?"

"ಇಲ್ಲ."

"ಮತ್ತೆ ಆಧಾರ ಏನು ಇದಕ್ಕೆ?"

ಅಕ್ಕ ಹಾಳೆಯನ್ನು ತನ್ನ ಕಡೆಗೆ ತಿರುಗಿಸಿಕೊಂಡಳು. ಪಕ್ಕದ ಕೋಣೆಯಲ್ಲಿ ಹುಡುಗರು ಮುಂದಿನ ತರಗತಿಗೆ ಕುರ್ಚಿ ಎಳೆದುಕೊಳ್ಳುತ್ತಿದ್ದರು.

"ಹೊಡೆದುಹಾಕ್ತೀನಿ ಮೇಡಂ," ಅಂದಳು.

ಮೇಡಂ ತಮ್ಮ ಪೆನ್ನನ್ನೇ ಕೊಟ್ಟರು. ಅಕ್ಕ ಆ ನಾಲ್ಕು ವಾಕ್ಯಗಳ ಮೇಲೆ ನಿಧಾನವಾಗಿ ಗೆರೆ ಎಳೆದಳು. ಅದಿಲ್ಲದೆಯೂ ಪ್ರಬಂಧ ಚೆನ್ನಾಗಿಯೇ ನಿಲ್ಲುತ್ತದೆ ಎಂದು ಮೇಡಂ ಹೇಳಿದರು.