ಏಳನೆಯ ನೆಲೆ

ನವೆಂಬರ್ ತಿಂಗಳ ಎರಡನೆಯ ಭಾನುವಾರ, ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ, ಸೇಂತ್-ಆಮಾರಾಂನಿಂದ ಕಾಸ್ತೆಲ್‌ವಿಯೆಗೆ ಹೋಗುವ ಮೇಲ್ಬಯಲಿನ ರಸ್ತೆಯಲ್ಲಿ, ಕಾಡುಹಂದಿಗೆಂದು ಹಾರಿಸಿದ ಗುಂಡು ನನ್ನ ತಮ್ಮ ಎವಾರಿಸ್ತನ ತೊಡೆಗೆ ಬಿತ್ತು. ಹಾರಿಸಿದವನು ಕಲ್ಲುಗೋಡೆ ಕಟ್ಟುವ ಬಾರ್ನಬೆ. ಮುಂದೆ ಹೋಗೆಂದು ತಮ್ಮನಿಗೆ ಹೇಳಿದವನು ನಾನು. ಮೊದಲಿನ ಸಂಗತಿಗಳು ಊರಿಗೆ ಅಂದೇ ತಿಳಿದವು. ಕೊನೆಯದನ್ನು ಹೇಳಲು ನಾನು ಐದು ದಿನ ತೆಗೆದುಕೊಂಡೆ.

ನಮ್ಮ ಸೈಕಲ್ ಸಂಘದ ಶರತ್ಕಾಲದ ಸವಾರಿಗೆ ದಾರಿ ಗೊತ್ತುಮಾಡುವ ಕೆಲಸ ಇಪ್ಪತ್ತೆರಡು ವರ್ಷಗಳಿಂದ ನನ್ನದು. ಶಾಲೆಯಲ್ಲಿ ಅಂಕಗಣಿತ ಕಲಿಸಿದವನೆಂದು ಸಂಘದವರು ಅದನ್ನು ನನಗೆ ಒಪ್ಪಿಸಿದ್ದರು. ಯಾವ ಕಿಲೋಮೀಟರಿನಲ್ಲಿ ಏರು, ಎಲ್ಲಿ ತಿರುವು, ಯಾವ ಊರಿನ ಬಾವಿಯಲ್ಲಿ ನೀರು, ಎಲ್ಲವನ್ನೂ ನೂರು ಮೀಟರಿನ ಮಟ್ಟಿಗೆ ಚೀಟಿಯಲ್ಲಿ ಬರೆದುಕೊಡುತ್ತಿದ್ದೆ. ಎರಡು ಹಳೆಯ ಕೋಟೆಪಟ್ಟಣಗಳ ನಡುವಿನ ಆ ರಸ್ತೆಯಲ್ಲಿ ಲಾರಿಗಳಿಲ್ಲ. ಎರಡೂ ಬದಿಗೆ ಗಾರೆಯಿಲ್ಲದ ಕಲ್ಲುಗೋಡೆ, ಗೋಡೆಯಾಚೆ ಕುಳ್ಳ ಓಕ್ ಮರಗಳು. ಆದರೆ ಹಿಂದಿನ ಎರಡು ವರ್ಷವೂ ಬೇಟೆಯವರು ನಡುರಸ್ತೆಯಲ್ಲಿ ಎಚ್ಚರಿಕೆಯ ಹಲಗೆಯಿಟ್ಟು ನಮ್ಮನ್ನು ಹಿಂದಕ್ಕೆ ಕಳಿಸಿದ್ದರು. ಸಾರ್ವಜನಿಕ ರಸ್ತೆಯನ್ನು ಮುಚ್ಚುವ ಅಧಿಕಾರ ಅವರಿಗಿಲ್ಲ. ಮೂರನೆಯ ಸಲ ಹಿಂದಿರುಗುವುದಿಲ್ಲವೆಂದು ನಾನು ನಿಶ್ಚಯಿಸಿದ್ದೆ.

ನಾವು ಮುಂದಿನ ತಂಡದ ಮೂವರು: ನಾನು, ಎವಾರಿಸ್ತ್, ಬೀಗ ರಿಪೇರಿಯ ಗಾಸ್ಪಾರ್. ಹಲಗೆಯ ಬಳಿ ಬೇಟೆಯ ಮುಖ್ಯಸ್ಥ ಕ್ಲೋವಿಸ್ ಕಿತ್ತಳೆ ಬಣ್ಣದ ಅಂಗಿ ತೊಟ್ಟು ನಿಂತಿದ್ದ. ಅವನು ನನ್ನ ಹಳೆಯ ಶಿಷ್ಯ.

"ಮೇಷ್ಟ್ರೇ, ಇನ್ನೊಂದ್ ಅರ್ಧ ಗಂಟೆ ತಡ್ಕೊಳ್ಳಿ," ಎಂದ. "ಬೇಟೆ ಮುಗಿದ್ರೆ ಕೊಂಬು ಊದ್ತೀವಿ, ಆಮೇಲೆ ಹೋಗಿ. ಹಂದಿ ಏನ್ ನಿಮ್ಮ ಗಡಿಯಾರ ನೋಡ್ಕೊಂಡ್ ಓಡುತ್ತಾ?"

ಹಂದಿ ಯಾವುದು, ಬೇಟೆಯವನು ಯಾರು ಅಂತ ಗೊತ್ತಾಗಲಿ ಎಂದೇ ನಿನಗೆ ಈ ಬಣ್ಣ ಬಳಿದಿದ್ದಾರೆಯೇ ಎಂದು ಗಾಸ್ಪಾರ್ ಕೇಳಿದ. ಈ ವಯಸ್ಸಿನಲ್ಲಿ ಬಿಗಿಚಡ್ಡಿ ಹಾಕಿಕೊಂಡು ಬರುವವರನ್ನು ಕಂಡರೆ ಹಂದಿಯೇ ನಾಚಿ ಓಡಿಹೋಗುತ್ತದೆ ಎಂದು ಕ್ಲೋವಿಸ್ ಉತ್ತರಿಸಿದ. ಗಾಸ್ಪಾರ್ ಹಲಗೆಯನ್ನು ಒದ್ದ. ಕ್ಲೋವಿಸ್ ಹಿತ್ತಾಳೆಯ ಕೊಂಬಿನಿಂದ ಅವನ ಬಾಯಿಗೆ ಹೊಡೆದ. ಕೆಳತುಟಿ ಎರಡಾಗಿ ಸೀಳಿತು. ಎವಾರಿಸ್ತ್ ಇಬ್ಬರನ್ನೂ ಬಿಡಿಸಿದ. ಗಾಸ್ಪಾರ್ ದೂರ ಹೋಗಿ ಬಾಟಲಿಯ ನೀರಿನಿಂದ ರಕ್ತ ತೊಳೆದುಕೊಳ್ಳುತ್ತ ಬೈಯುತ್ತಿದ್ದ.

ಆಗ ನಾನು ಲೆಕ್ಕಕ್ಕೆ ಇಳಿದೆ. ರಸ್ತೆಯ ಎಡಬದಿಗೆ ಉದ್ದಕ್ಕೂ ಏಳು ಮಂದಿ, ರಸ್ತೆಗೆ ಬೆನ್ನು ಮಾಡಿ, ಕಾಡಿನ ಕಡೆ ಮುಖ ಮಾಡಿ, ತಮ್ಮ ತಮ್ಮ ನೆಲೆಯಲ್ಲಿ ನಿಂತಿದ್ದರು. ಇಲ್ಲಿನ ನಿಯಮವೇನೆಂದರೆ, ಪ್ರತಿಯೊಬ್ಬನೂ ನೆರೆಯವನ ಕಡೆಗೆ ಐದು ಹೆಜ್ಜೆ ನಡೆದು, ಅಲ್ಲಿಂದ ನೇರ ಕಾಡಿನ ಕಡೆಗೆ ಮೂರು ಹೆಜ್ಜೆ ಹೋಗಿ ಕೋಲು ನೆಡಬೇಕು. ಎರಡೂ ಪಕ್ಕಕ್ಕೆ ಒಂದೊಂದು ಕೋಲು. ಕೋಲಿನಿಂದ ಈಚೆಗೆ ಬಂದೂಕು ತಿರುಗಕೂಡದು. ಐದಕ್ಕೆ ಮೂರೆಂದರೆ ಮೂವತ್ತು ಡಿಗ್ರಿಗೆ ಕೂದಲೆಳೆಯಷ್ಟು ಹೆಚ್ಚು. ಅಷ್ಟನ್ನು ಪಾಲಿಸಿದರೆ ರಸ್ತೆಗೆ ಗುಂಡು ಬರುವುದು ಸಾಧ್ಯವಿಲ್ಲ. ನಾನು ಎರಡನೆಯ ನೆಲೆಗೆ ಹೋಗಿ ಹೆಜ್ಜೆ ಹಾಕಿ ಅಳೆದೆ. ಎರಡೂ ಕೋಲು ಸರಿಯಾಗಿದ್ದವು.

ಹಿಂದಿರುಗಿ ತಮ್ಮನಿಗೆ ಹೊರಡು ಎಂದೆ. ಅವನು ಒಂದು ಕಾಲನ್ನು ನೆಲಕ್ಕೂರಿ ನಿಂತೇ ಇದ್ದ.

"ಅಣ್ಣ, ತಿರುವಿನ ಆಚೆ?"

"ಒಂದು ಸರಿಯಿದ್ರೆ ಎಲ್ಲಾ ಸರಿಯಿರುತ್ತೆ. ನಡಿ ನೀನು."

ಕ್ಲೋವಿಸ್ ಬೇಡವೆಂದ. ನಾನು ಅವನಿಗೂ ಹಲಗೆಗೂ ಅಡ್ಡ ನಿಂತೆ. ಎವಾರಿಸ್ತ್ ಹೊರಟ.

ಮೂವತ್ತೊಂದನೆಯ ಕಿಲೋಮೀಟರಿನಿಂದ ನಾನೂರು ಮೀಟರು ಮುಂದೆ ರಸ್ತೆ ಎಡಕ್ಕೆ ತಿರುಗುತ್ತದೆ. ಅದನ್ನು ಚೀಟಿಯಲ್ಲಿ ಬರೆದವನೇ ನಾನು. ತಿರುವಿನ ಬಾಯಲ್ಲಿ ಏಳನೆಯ ನೆಲೆ, ಅಲ್ಲಿ ಬಾರ್ನಬೆ. ಆರನೆಯವನ ಕಡೆಗೆ ಅವನು ಕೋಲು ನೆಟ್ಟಿದ್ದ. ಇನ್ನೊಂದು ಪಕ್ಕಕ್ಕೆ ನೆರೆಯವನೇ ಇರಲಿಲ್ಲ, ಆದ್ದರಿಂದ ಅಳೆಯಲಿಲ್ಲ. ರಸ್ತೆ ಬಾಗಿ ಬಂದು ಅದೇ ಪಕ್ಕದಲ್ಲಿ ಅವನ ಮುಂದೆಯೇ, ಮುಳ್ಳುಪೊದೆಗಳ ಹಿಂದೆ, ಹಾದುಹೋಗುತ್ತಿತ್ತು. ನಾನು ಒಂದನ್ನು ನೋಡಿ ಏಳರಿಂದ ಗುಣಿಸಿದ್ದೆ.

ನಾಯಿಗಳ ಕೂಗು ಕೇಳಿತು. ಹಂದಿ ಹೊರಬಿತ್ತು. ಒಂದೇ ಗುಂಡು. ಹಂದಿಗೆ ತಾಗಲಿಲ್ಲ, ಅದು ಅಡ್ಡಬಂದ ನಾಯಿಯೊಂದರ ಹೊಟ್ಟೆಯನ್ನು ಕೋರೆಯಿಂದ ಸೀಳಿ ರಸ್ತೆ ದಾಟಿಹೋಯಿತು.

ನಾನು ತಲುಪಿದಾಗ ಎವಾರಿಸ್ತ್ ಸೈಕಲ್ಲಿನಡಿ ಬಿದ್ದಿದ್ದ. ಎಡತೊಡೆಯ ಮೂಳೆ ಪುಡಿಯಾಗಿ ಕಾಲು ಮೊಣಕಾಲಿಲ್ಲದ ಕಡೆ ಮಡಚಿಕೊಂಡಿತ್ತು. ರಕ್ತ ಚಿಮ್ಮಿ ಚಿಮ್ಮಿ ಬರುತ್ತಿತ್ತು. ಬಾರ್ನಬೆ ಬಂದೂಕು ಎಸೆದು ಬಂದು, ಎರಡು ಕೈಯನ್ನೂ ಗಾಯದೊಳಗೆ ತೂರಿಸಿ ಒತ್ತಿಹಿಡಿದಿದ್ದ. ಗಾಸ್ಪಾರ್ ಓಡಿಬಂದು ಗಾಳಿಪಂಪಿನಿಂದ ಅವನ ತಲೆಗೆ ಹೊಡೆಯತೊಡಗಿದ. ಒಂದು ಕಿವಿ ಹರಿದು ಜೋತುಬಿತ್ತು. ಬಾರ್ನಬೆ ತಲೆ ತಗ್ಗಿಸಿದನೇ ಹೊರತು ಕೈ ತೆಗೆಯಲಿಲ್ಲ. ತೆಗೆದಿದ್ದರೆ ನನ್ನ ತಮ್ಮ ಎರಡು ನಿಮಿಷದಲ್ಲಿ ಸಾಯುತ್ತಿದ್ದ. ಕ್ಲೋವಿಸ್ ಬಂದು ಗಾಸ್ಪಾರನನ್ನು ಕೆಡವಿ ಅವನ ಎದೆಯ ಮೇಲೆ ಕುಳಿತ. ಹೆಲಿಕಾಪ್ಟರ್ ಬರುವವರೆಗೆ ಹಾಗೆಯೇ ಕುಳಿತಿದ್ದ.

ಪೊಲೀಸರು ಕೇಳಿದರು. ಹಲಗೆ ಇತ್ತೆಂದೆ, ಏಳನೆಯ ನೆಲೆಯಲ್ಲಿ ಒಂದೇ ಕೋಲಿತ್ತೆಂದೆ. ಎರಡೂ ನಿಜ. ತಮ್ಮನನ್ನು ಕಳಿಸಿದವರು ಯಾರೆಂದು ಕೇಳಿದಾಗ, ಅವನೇ ಹೊರಟನೆಂದೆ. ಕ್ಲೋವಿಸ್ ತಾನು ಕೇಳಿಸಿಕೊಂಡದ್ದನ್ನು ಹೇಳಿದ. ತನ್ನವನನ್ನು ಉಳಿಸಲು ಹೇಳುತ್ತಿದ್ದಾನೆಂದುಕೊಂಡು ಯಾರೂ ಅವನನ್ನು ನಂಬಲಿಲ್ಲ. ಗಾಸ್ಪಾರನಿಗೆ ನನ್ನ ಮಾತು ಕೇಳಿಸಿರಲಿಲ್ಲ. ನಾನು ಸುಳ್ಳು ಹೇಳುವವನಲ್ಲವೆಂದು ಊರಿನಲ್ಲಿ ನಲವತ್ತು ವರ್ಷದ ನಂಬಿಕೆಯಿತ್ತು. ಆ ನಂಬಿಕೆಯ ಭಾರವೆಲ್ಲ ಬಾರ್ನಬೆಯ ಮೇಲೆ ಬಿತ್ತು. ಅವನಿಗೆ ಜೈಲು ಖಂಡಿತವೆಂದು ಎಲ್ಲರೂ ಆಡಿಕೊಂಡರು.

ಸೋಮವಾರ ಮುಸ್ಸಂಜೆ ಬೇಟೆಯವರ ಗುಡಿಸಲಿಗೆ ಬೆಂಕಿ ಬಿತ್ತು. ಒಳಗೆ ಕಟ್ಟಿಹಾಕಿದ್ದ ಎರಡು ನಾಯಿಗಳು ಸುಟ್ಟುಹೋದವು. ಮಂಗಳವಾರ ನಮ್ಮ ಸಂಘದ ಕಾರ್ಯದರ್ಶಿಯನ್ನು ಸೇತುವೆಯ ಮೇಲೆ ಕಾರು ಅಡ್ಡಹಾಕಿ ಹಿಡಿದು, ಸೈಕಲ್ಲನ್ನು ನದಿಗೆಸೆದು, ಮೂರು ಹಲ್ಲು ಉದುರಿಸಿದರು. ಅದೇ ದಿನ ಆಸ್ಪತ್ರೆಯಲ್ಲಿ ಎವಾರಿಸ್ತನ ಕಾಲನ್ನು ತೊಡೆಯಿಂದ ಕತ್ತರಿಸಿದರು. ನಾನು ನೋಡಲು ಹೋಗಲಿಲ್ಲ.

ಬುಧವಾರ ಅವನ ಹೆಂಡತಿ ಸೆವೆರಿನ್ ನನ್ನ ಮನೆಗೆ ಬಂದಳು. ಮೇಲಂಗಿ ಕಳಚಲಿಲ್ಲ, ಕುಳಿತುಕೊಳ್ಳಲಿಲ್ಲ.

"ಭಾವ, ನೀವಲ್ಲೇ ಇದ್ರಿ. ಇವ್ರು ಸಂತೇಲಿ ಕ್ಯೂ ಮುರಿದು ಮುಂದೆ ಹೋದೋರಲ್ಲ. ಬಂದೂಕಿನ ಮುಂದೆ ತಾವಾಗೇ ನುಗ್ಗಿದ್ರು ಅಂದ್ರೆ ನಾನ್ ಹೇಗ್ ನಂಬ್ಲಿ?"

ಎವಾರಿಸ್ತ್ ಏನು ಹೇಳಿದ ಎಂದು ಕೇಳಿದೆ. ಏನೂ ಹೇಳುತ್ತಿಲ್ಲ, ಗೋಡೆ ನೋಡುತ್ತಾನೆ ಎಂದಳು. ಅವಳು ಬಾಗಿಲು ಮುಚ್ಚದೆ ಹೋದಳು.

ಶುಕ್ರವಾರ ಮಧ್ಯಾಹ್ನ ಬ್ರೆಡ್ಡಿಗೆಂದು ಹೊರಟವನು ಹಳೆಯ ಸಂತೆಕಟ್ಟೆಯ ಬಳಿ ಜನ ಸೇರಿದ್ದನ್ನು ಕಂಡೆ. ಕಲ್ಲಿನ ಕಂಬಕ್ಕೆ ಬಾರ್ನಬೆಯನ್ನು ಒತ್ತಿಹಿಡಿದಿದ್ದರು. ಕಿವಿಗೆ ಹಾಕಿದ್ದ ಹೊಲಿಗೆ ಬಿಚ್ಚಿ ಕುತ್ತಿಗೆಯುದ್ದಕ್ಕೂ ರಕ್ತ ಇಳಿದಿತ್ತು. ಗಾಸ್ಪಾರ್ ಸೈಕಲ್ ಚೈನನ್ನು ಮುಷ್ಟಿಗೆ ಸುತ್ತಿಕೊಂಡಿದ್ದ. ಇಬ್ಬರು ಬಾರ್ನಬೆಯ ಬಲಗೈಯನ್ನು ಕಟ್ಟೆಯ ಅಂಚಿಗೆ ಅಗಲಿಸಿ ಹಿಡಿದಿದ್ದರು.

"ಒಂದೊಂದಾಗಿ ಮುರೀತೀನಿ," ಎಂದು ಗಾಸ್ಪಾರ್ ಸುತ್ತಲಿನವರಿಗೆ ಹೇಳಿದ. "ಆಮೇಲೆ ಹೇಗ್ ಕಲ್ಲು ಎತ್ತುತ್ತಾನೆ, ಹೇಗ್ ಬಂದೂಕು ಎತ್ತುತ್ತಾನೆ, ನೋಡೇಬಿಡೋಣ."

ಮೊದಲ ಬೆರಳು ಮುರಿದ ಸದ್ದು ನನಗೆ ಕೇಳಿಸಿತು. ನಾನು ಬಾಯಿ ತೆರೆಯಲಿಲ್ಲ. ಎರಡನೆಯದು ಮುರಿದಾಗ ಬಾರ್ನಬೆ ಕಿರುಚಿ ಮುಖ ಎತ್ತಿದ, ನನ್ನನ್ನು ಕಂಡ. ಕ್ಲೋವಿಸ್ ಅವನಿಗೆ ಎಲ್ಲವನ್ನೂ ಹೇಳಿದ್ದನೆಂದು ನನಗೆ ಗೊತ್ತಿತ್ತು. ನನ್ನತ್ತ ಕೈ ತೋರಿಸಲು ಅವನಿಗೆ ಎಲ್ಲ ಕಾರಣವೂ ಇತ್ತು.

"ಮೇಷ್ಟ್ರೇ," ಎಂದ. "ನಾನು ಆ ಕಡೆ ಅಳೀಲಿಲ್ಲ. ತಪ್ಪಾಯ್ತು."

ನಾನು ಜನರ ನಡುವೆ ಹೋಗಿ ಗಾಸ್ಪಾರನ ಮುಷ್ಟಿಯನ್ನು ಹಿಡಿದೆ. ಚೈನಿನ ಹಲ್ಲು ನನ್ನ ಅಂಗೈಗೆ ಕಚ್ಚಿತು. ಎರಡನೆಯ ನೆಲೆಯನ್ನು ಮಾತ್ರ ಅಳೆದವನು ನಾನು, ಏಳೂ ಸರಿಯೆಂದವನು ನಾನು, ತಿರುವು ಇದೆಯೆಂದು ತಮ್ಮ ನೆನಪಿಸಿದರೂ ಕಳಿಸಿದವನು ನಾನು ಎಂದೆ. ಕ್ಲೋವಿಸ್ ಹೇಳಿದ್ದೆಲ್ಲ ನಿಜವೆಂದೆ.

ಗಾಸ್ಪಾರ್ ನಗಲು ನೋಡಿದ. ಸೀಳಿದ ತುಟಿ ಬಿಡಲಿಲ್ಲ.

"ಇವನನ್ನ ಉಳಿಸೋಕೆ ಸುಳ್ಳು ಹೇಳ್ತಿದೀರಾ?"

"ಸುಳ್ಳು ಹೇಳಿದ್ದು ಭಾನುವಾರ."

ಕೈ ಹಿಡಿದಿದ್ದ ಇಬ್ಬರೂ ಬಿಟ್ಟರು. ಬಾರ್ನಬೆ ಕಂಬಕ್ಕೆ ಒರಗಿ ಕೆಳಗೆ ಜಾರಿ ಕುಳಿತ. ಗಾಸ್ಪಾರ್ ನನ್ನನ್ನು ನೋಡಿದ. ತಾನು ಮುರಿದ ಬೆರಳುಗಳನ್ನೂ ನೋಡಿದ. ಆಮೇಲೆ, ಚೈನು ಸುತ್ತಿದ್ದ ಅದೇ ಮುಷ್ಟಿಯಿಂದ ಕಂಬಕ್ಕೆ ಗುದ್ದತೊಡಗಿದ. ಐದಾರು ಸಲ ಗುದ್ದಿದ ಮೇಲೆ ಅವನ ಕೈಯೂ ಕೆಲಸಕ್ಕೆ ಬಾರದಂತಾಯಿತು. ಯಾರೂ ತಡೆಯಲಿಲ್ಲ.

ನಾನು ಪೊಲೀಸ್ ಠಾಣೆಗೆ ಹೋಗಿ ಹೇಳಿಕೆ ಬದಲಿಸಿದೆ. ಸುಳ್ಳು ಹೇಳಿದ್ದಕ್ಕೆ ಬೇರೆ ಮೊಕದ್ದಮೆಯಾಗುತ್ತದೆ ಎಂದರು. ಆಗಲಿ ಎಂದೆ. ಬಾರ್ನಬೆಯ ಮೇಲಿನದು ಪೂರ್ತಿ ಹೋಗುವುದಿಲ್ಲ, ಕಡಿಮೆಯಾಗಬಹುದು ಎಂದರು. ಅಲ್ಲಿಂದ ಬಸ್ಸು ಹತ್ತಿ ಆಸ್ಪತ್ರೆಗೆ ಹೋದೆ.

ಹೊದಿಕೆ ಎಡಕ್ಕೆ ಅರ್ಧದಲ್ಲೇ ಚಪ್ಪಟೆಯಾಗಿತ್ತು. ಎವಾರಿಸ್ತನ ಮುಖ ಸಣ್ಣದಾಗಿತ್ತು. ಸೆವೆರಿನ್ ಎದ್ದು ಹೊರಗೆ ಹೋದಳು. ನಾನು ನಿಂತುಕೊಂಡೇ ಎಲ್ಲವನ್ನೂ ಹೇಳಿದೆ, ಅವನಿಗೆ ಗೊತ್ತಿದ್ದುದನ್ನೇ.

"ನಂಗೆ ಪ್ರಜ್ಞೆ ಇತ್ತು ಅಣ್ಣ," ಎಂದ. "ಪೊಲೀಸರಿಗೆ ನೀನು ಹೇಳಿದ್ದು ನಂಗೆ ಬುಧವಾರಾನೇ ಗೊತ್ತಾಯ್ತು. ನಾನು ಹೇಳಿದ್ರೆ ಒಂದು ಮಾತಲ್ಲಿ ಮುಗೀತಿತ್ತು. ನೀನೇ ಬರ್ತೀಯ ಅಂತ ಕಾದೆ."

ಬಾರ್ನಬೆಯ ಎರಡು ಬೆರಳು ಮುರಿದವು ಎಂದೆ.

"ಹಾಗಾದ್ರೆ ಅದು ನನ್ನ ಪಾಲಿಗೂ ಬರುತ್ತೆ," ಎಂದ. "ಬಗ್ಗು."

ಬಗ್ಗಿದೆ. ಅವನು ಮುಷ್ಟಿಯಿಂದ ನನ್ನ ಬಾಯಿಗೆ ಹೊಡೆದ. ಐದು ದಿನದಿಂದ ಮಲಗಿದವನ ಹೊಡೆತವಲ್ಲ ಅದು. ಹಲ್ಲೊಂದು ಅಲುಗಿತು, ನಾಲಿಗೆಗೆ ರಕ್ತದ ರುಚಿ ಬಂತು. ಹೊಡೆದ ರಭಸಕ್ಕೆ ಅವನೇ ನೋವಿನಿಂದ ಹಲ್ಲು ಕಚ್ಚಿ ದಿಂಬಿಗೆ ಬಿದ್ದ. ಮತ್ತೆ ಕೈ ಎತ್ತಿದ, ನಾನಿದ್ದಲ್ಲಿಗೆ ಎಟುಕಲಿಲ್ಲ.

ನಾನು ಕುರ್ಚಿಯನ್ನು ಹಾಸಿಗೆಯ ಹತ್ತಿರಕ್ಕೆ ಎಳೆದುಕೊಂಡು ಕುಳಿತೆ.