ತಳ ಹಿಡಿದ ಪಾಯಸ

ನಮ್ಮ ಮನೆಯಲ್ಲಿ ನನಗೆ ಎದುರು ಮಾತಾಡುವವರಿಲ್ಲ. ಕೊಬ್ಬರಿ ಮಂಡಿಯಲ್ಲಿ ಊರವರನ್ನೆಲ್ಲ ಗದರುವ ನಮ್ಮ ಯಜಮಾನರು ಮಹಾಲಿಂಗಯ್ಯನವರು ಕೂಡ ತುಮಕೂರಿನ ಸದಾಶಿವನಗರದ ನಮ್ಮ ಗೇಟು ದಾಟಿದ ಮೇಲೆ ದನಿ ತಗ್ಗಿಸುತ್ತಾರೆ. 'ಉಮಾಮಹೇಶ್ವರಿ ಹೇಳಿದ ಮೇಲೆ ಆಯ್ತು' ಅನ್ನುವುದು ನಮ್ಮ ಬಳಗದಲ್ಲೇ ಗಾದೆಯ ಹಾಗಾಗಿತ್ತು. ಬಹಳ ವರ್ಷ ಅದನ್ನು ಹೆಮ್ಮೆಯಿಂದ ಹೇಳಿಕೊಂಡು ತಿರುಗಿದ್ದೇನೆ. ಈಗ ಹೇಳುತ್ತಿರುವುದು ಹೆಮ್ಮೆಗಲ್ಲ.

ಕೊರೊನಾ ಎರಡನೇ ಸಲ ಬಂದ ಆ ಮೇ ತಿಂಗಳಲ್ಲಿ ಮಗಳು ಅನುಪಮಾ ಕುಣಿಗಲ್ಲಿನ ಗಂಡನ ಮನೆಯಿಂದ ಹೆರಿಗೆಗೆ ಬಂದಿದ್ದಳು. ಅವಳಿಗೆ ಎಂಟನೇ ತಿಂಗಳು. ಆಂಬುಲೆನ್ಸಿನ ಸದ್ದು ನಮ್ಮ ಬೀದಿಯ ತಿರುವಿನವರೆಗೆ ಬಂದಾಗಲೆಲ್ಲ ಅದು ಯಾವ ಕಡೆ ಹೊರಳುತ್ತದೆ ಎಂದು ಕಿವಿಗೊಟ್ಟು ಕೂರುತ್ತಿದ್ದೆವು. ಬಸುರಿಯರಿಗೆ ಬಂದರೆ ಉಳಿಯುವುದು ಕಷ್ಟವಂತೆ ಎಂದು ಫೋನ್ ಮಾಡಿದವರೆಲ್ಲ ಹೇಳುತ್ತಿದ್ದರು. ಬಸುರಿಯರಿಗೆ ಆಗಿನ್ನೂ ಲಸಿಕೆ ಹಾಕುತ್ತಿರಲಿಲ್ಲ. ನಾನು ಪೇಪರಿನವನನ್ನು ನಿಲ್ಲಿಸಿದೆ, ಕೆಲಸದವಳಿಗೆ ಬರಬೇಡ ಎಂದೆ, ಹಾಲಿನ ಪ್ಯಾಕೆಟ್ಟನ್ನೂ ಸೋಪು ಹಚ್ಚಿ ತೊಳೆದೆ. ಮಗಳ ಸುತ್ತ ನಾನೇ ಬೇಲಿಯಾಗಿ ನಿಂತಿದ್ದೆ.

ಆದರೆ ಒಂದು ಶಾಸ್ತ್ರ ಬಿಡಲು ಮನಸ್ಸು ಒಪ್ಪಲಿಲ್ಲ. ನಮ್ಮ ಮನೆತನದಲ್ಲಿ ಎಂಟನೇ ತಿಂಗಳಿಗೆ ಹೊಟ್ಟೆಯೊಳಗಿನ ಕೂಸಿಗೂ ಲಿಂಗ ಕಟ್ಟಿಸುತ್ತೇವೆ. ಕೂಸು ಹುಟ್ಟುವವರೆಗೆ ತಾಯಿಯೇ ತನ್ನ ಲಿಂಗದ ಜೊತೆ ಅದನ್ನೂ ಧರಿಸಿಕೊಂಡಿರುತ್ತಾಳೆ. ಅದನ್ನು ಕಟ್ಟಲು ಗುಬ್ಬಿಯಿಂದ ನಮ್ಮ ಮನೆತನದ ಜಂಗಮ ಅಯ್ಯನವರು, ಎಪ್ಪತ್ತೆರಡು ವರ್ಷದ ಸಿದ್ದಯ್ಯನವರು ಬರಬೇಕು. ಅನುಪಮಾ ನನ್ನ ಹೊಟ್ಟೆಯಲ್ಲಿದ್ದಾಗ ಕಟ್ಟಿದವರೂ ಅವರೇ.

ಕುಣಿಗಲ್ಲಿನಿಂದ ಅಳಿಯ ಗುರುಪ್ರಕಾಶ್ ಫೋನ್ ಮಾಡಿದ. "ಅತ್ತೆ, ಈಗ ಯಾರ್ನೂ ಮನೆಗೆ ಕರೀಬೇಡಿ. ಮಗು ಹುಟ್ಟಿದ್ಮೇಲೆ ಕಟ್ಸಿದ್ರಾಯ್ತು."

"ಎಂಟನೇ ತಿಂಗ್ಳು ಇನ್ನೊಂದ್ಸಲ ಬರುತ್ತೇನಪ್ಪ? ಇಂಥ ಕಾಲ್ದಲ್ಲೇ ಅಲ್ವಾ ಕೂಸಿಗೆ ಕಾವಲು ಬೇಕಾಗೋದು" ಎಂದು ಫೋನಿಟ್ಟೆ.

ಶಾಸ್ತ್ರಕ್ಕೆ ಗೊತ್ತುಮಾಡಿದ್ದ ಸೋಮವಾರ ಬೆಳಗ್ಗೆ ಐದಕ್ಕೆ ದೇವರ ಮುಂದೆ ಕರ್ಪೂರ ಹಚ್ಚಿದೆ. ವಾಸನೆ ಬರಲಿಲ್ಲ. ಇನ್ನೊಂದು ಬಿಲ್ಲೆಯನ್ನು ಅಂಗೈಯಲ್ಲಿ ಪುಡಿ ಮಾಡಿ ಮೂಗಿಗೆ ಹಿಡಿದೆ. ಮೂಗಿನೊಳಗೆ ತಣ್ಣಗಾಯಿತು, ಅಷ್ಟೇ. ಅಡುಗೆಮನೆಗೆ ಹೋಗಿ ಇಂಗಿನ ಡಬ್ಬಿಯ ಮುಚ್ಚಳ ತೆಗೆದೆ, ಕಾಫಿಪುಡಿಯ ಡಬ್ಬಿಗೆ ಮೂಗು ತೂರಿಸಿದೆ. ಏನೂ ಇಲ್ಲ.

ಐದು ದಿನ ಮುಂಚೆ ನಾನು ಬೆಳ್ಳಾವಿಗೆ ಹೋಗಿ, ಜ್ವರದಲ್ಲಿ ಮಲಗಿದ್ದ ಓರಗಿತ್ತಿ ಮಂಜುಳಮ್ಮನಿಗೆ ಗಂಜಿ ಕುಡಿಸಿ ಬಂದಿದ್ದೆ. ಮಾಮೂಲಿ ಜ್ವರ ಎಂದಿದ್ದರು. ಹಾಲಿನ ಪ್ಯಾಕೆಟ್ಟನ್ನು ನಂಬದವಳು ಆ ಮಾತನ್ನು ನಂಬಿದ್ದೆ. ಬೇಲಿಯೇ ಎದ್ದು ಹೊಲ ಮೇಯುವುದು ಅಂದರೆ ಇದೇ.

ಅಯ್ಯನವರು ಇನ್ನೂ ಗುಬ್ಬಿಯಲ್ಲೇ ಇದ್ದರು, ಒಂದು ಫೋನ್ ಮಾಡಿದ್ದರೆ ಸಾಕಿತ್ತು. ನಾನು ಮಾಡಲಿಲ್ಲ. ನೆಗಡಿ ಇರಬೇಕು ಎಂದುಕೊಂಡೆ. ನಿಜ ಹೇಳಬೇಕೆಂದರೆ, ಶಾಸ್ತ್ರ ನಿಲ್ಲಿಸಿದರೆ ಅಳಿಯನ ಮಾತೇ ಗೆದ್ದಂತಾಗುತ್ತಲ್ಲ ಎಂಬುದೂ ಮನಸ್ಸಿನಲ್ಲಿತ್ತು.

ಹತ್ತು ಗಂಟೆಯಾದರೆ ಪೊಲೀಸರು ತಡೆಯುತ್ತಾರೆಂದು ಅಯ್ಯನವರು ಏಳಕ್ಕೇ ಟಿವಿಎಸ್‌ನಲ್ಲಿ ಬಂದಿಳಿದರು. ನಾನೇ ಅವರ ಪಾದ ತೊಳೆದೆ. ಮಂತ್ರ ಹೇಳುವಾಗ, "ಮಾಸ್ಕ್ ತೆಗೀರಿ ಬುದ್ಧಿ, ಕೂಸಿಗೆ ಕೇಳ್ಬೇಕಲ್ಲ" ಎಂದೆ. ಅವರು ತೆಗೆದರು. ಬಟ್ಟಲು ಹಿಡಿದುಕೊಂಡು ಅವರ ಮಗ್ಗುಲಲ್ಲೇ ಕೂತಿದ್ದೆ, ನನ್ನ ಮಾಸ್ಕು ಗದ್ದದ ಕೆಳಗಿತ್ತು. ಅವರ ಪಾದ ತೊಳೆದ ನೀರನ್ನು, ಆ ಪಾದೋದಕವನ್ನು, ಎಲ್ಲರೂ ಕುಡಿದೆವು. ಆಮೇಲೆ ಶಾವಿಗೆ ಪಾಯಸ ಬಡಿಸಿದೆ. ಎಲ್ಲರೂ ತಲೆ ತಗ್ಗಿಸಿಕೊಂಡು ತಿಂದರು. ನನ್ನ ಪಾಯಸವನ್ನು ಯಾವತ್ತೂ ಎರಡು ಸಲ ಹಾಕಿಸಿಕೊಳ್ಳುತ್ತಿದ್ದ ಅಯ್ಯನವರು ಅವತ್ತು ಸಾಕು ತಾಯಿ ಎಂದರು.

ನಾಲ್ಕನೇ ದಿನ ಗುಬ್ಬಿಯಿಂದ ಅವರ ಮಗ ಚನ್ನೇಶ್ ಫೋನ್ ಮಾಡಿ, ಅಪ್ಪನಿಗೆ ಜ್ವರ, ನೀವೂ ಟೆಸ್ಟ್ ಮಾಡಿಸಿಕೊಳ್ಳಿ ಎಂದ. ಅವತ್ತು ಸಂಜೆ ಅನುಪಮಳ ಹಣೆ ಮುಟ್ಟಿದೆ, ಕಾದ ಹೆಂಚಿನ ಹಾಗಿತ್ತು. ಮನೆಯ ಮೂವರಿಗೂ ಪಾಸಿಟಿವ್ ಬಂತು.

"ಆ ಮುದುಕಪ್ಪ ತಂದ್‌ಬುಟ್ಟ ಕಣೇ" ಎಂದರು ಯಜಮಾನರು. ಅಳಿಯನೂ ಅದನ್ನೇ ಹೇಳಿದ. ಬೆಳ್ಳಾವಿಯ ಮಾತು ಯಾರ ನೆನಪಿಗೂ ಬರಲಿಲ್ಲ. ನಾನು ಸುಮ್ಮನಿದ್ದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಕಥೆ ಕೇಳಿ ನಕ್ಕವಳು ನಾನು. ಈಗ ಹೆಗಲಿನ ಹತ್ತಿರ ಕೈ ಹೋಗದ ಹಾಗೆ ಎರಡೂ ಕೈ ಕಟ್ಟಿಕೊಂಡು ಓಡಾಡಿದೆ.

ಆ ವಾರದ ಭಯವನ್ನು ಹೇಗೆ ಹೇಳಲಿ. ಮಗಳ ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸಿ ಆ ಕೆಂಪು ಅಂಕಿ ನಿಲ್ಲುವುದನ್ನು ಕಾಯುತ್ತಿದ್ದೆ. ತೊಂಬತ್ತಾರು, ತೊಂಬತ್ತೈದು, ಮಧ್ಯಾಹ್ನಕ್ಕೆ ತೊಂಬತ್ನಾಲ್ಕು. ಇನ್ನೂ ಇಳಿದರೆ ಕರೆದುಕೊಂಡು ಬನ್ನಿ ಎಂದು ಡಾಕ್ಟರ್ ಫೋನಿನಲ್ಲೇ ಹೇಳಿದ್ದರು. ಎಲ್ಲಿಗೆ ಬರಲಿ, ತುಮಕೂರಿನಲ್ಲಿ ಬೆಡ್ ಎಲ್ಲಿದೆ ಎಂದರೆ ವಿಚಾರಿಸುತ್ತೇನೆ ಎಂದು ಫೋನಿಟ್ಟರು. ಅವಳ ಹೊಟ್ಟೆಯ ಮೇಲೆ ಕೈಯಿಟ್ಟು ಕೂಸು ಒದೆಯುವುದನ್ನು ಕಾದೆ. ಒದ್ದರೆ ಇನ್ನೊಂದು ಸಲ ಒದೆಯಲಿ ಎಂದು ಕಾಯುತ್ತಿದ್ದೆ. ಅವಳ ಎದೆಯ ಮೇಲಿನ ಎರಡು ಲಿಂಗಗಳನ್ನು ನೋಡಲು ಧೈರ್ಯವಾಗುತ್ತಿರಲಿಲ್ಲ. ನನ್ನಿಂದಲೇ ಎಂಬ ಮಾತು ಗಂಟಲವರೆಗೆ ಬರುತ್ತಿತ್ತು, ಅದನ್ನು ಬಿಸಿನೀರು ಕುಡಿದು ಒಳಗೆ ತಳ್ಳುತ್ತಿದ್ದೆ.

ಜ್ವರ ಕಾಣಿಸಿದ ಐದನೇ ದಿನಕ್ಕೆ ಅವಳಿಗೆ ಬಿಟ್ಟಿತು. ಅಂಕಿ ತೊಂಬತ್ತೇಳಕ್ಕೆ ಬಂದು ನಿಂತಿತು. ಅವತ್ತೇ ಹನ್ನೊಂದು ಗಂಟೆಗೆ ಸಿದ್ದಯ್ಯನವರ ಫೋನ್ ಬಂತು. ಗುಬ್ಬಿಯ ಆಸ್ಪತ್ರೆಯಲ್ಲಿದ್ದರು. ಚನ್ನೇಶನಿಗೂ ತಗುಲಿ ಅವನೂ ಪಕ್ಕದ ಮಂಚದಲ್ಲೇ ಇದ್ದ. ಅನುಪಮಾ ಎದುರಿಗೆ ಗಂಜಿ ಕುಡಿಯುತ್ತ ಕೂತಿದ್ದಳು. ಮಾತು ಸರಿಯಾಗಿ ಕೇಳದೆ ನಾನು ಸ್ಪೀಕರ್ ಒತ್ತಿದೆ.

"ತಾಯಿ, ಮಗಳು... ಹೆಂಗವ್ಳೆ?"

"ಜ್ವರ ಬಿಡ್ತು ಬುದ್ಧಿ."

"ನಾನೇ ತಂದ್‌ಬುಟ್ಟೆ ನಿಮ್ಮನೆಗೆ." ಒಂದೊಂದು ಮಾತಿಗೂ ನಿಂತು ಉಸಿರು ಎಳೆಯುತ್ತಿದ್ದರು. "ಬಸುರಿ ಇರೋ ಮನೆ ಅಂತ್ಲೂ... ನೋಡ್ಲಿಲ್ಲ. ಕ್ಷಮಿಸಿದೀನಿ ಅಂತ... ಒಂದ್ಮಾತು ಹೇಳು ತಾಯಿ. ಜೀವಕ್ಕೆ... ಸಮಾಧಾನ ಆಗ್ತದೆ."

ಅನುಪಮಾ ಲೋಟ ಹಿಡಿದುಕೊಂಡು ನನ್ನನ್ನೇ ನೋಡುತ್ತಿದ್ದಳು. ನಿಜ ಹೇಳಿದರೆ ಅವಳು ಈ ಜನ್ಮದಲ್ಲಿ ನನ್ನ ಮುಖ ನೋಡುವುದಿಲ್ಲ ಅನ್ನಿಸಿತು.

"ಕ್ಷಮಿಸಿದೀನಿ ಬಿಡಿ ಬುದ್ಧಿ" ಎಂದೆ.

ಫೋನ್ ಇಟ್ಟ ಮೇಲೆ ಅನುಪಮಾ ಲೋಟವನ್ನು ಕೆಳಗಿಟ್ಟಳು. "ಅಮ್ಮ, ಅವತ್ತು ಪಾಯಸ ತಳ ಹಿಡಿದಿತ್ತು."

"ಏನೇ ಅಂದ್ರೆ?"

"ಸೀದ ವಾಸ್ನೆ ಮನೆಯೆಲ್ಲ ತುಂಬಿತ್ತು, ಬೀದಿವರೆಗೂ ಬರ್ತಿತ್ತು. ನೀನು ಆ ಪಾತ್ರೆ ಮುಂದೆ ನಿಂತ್ಕೊಂಡು ಎಲ್ರಿಗೂ ನಗ್ತಾ ಬಡಿಸ್ದೆ. ನಿಂಗೆ ಗೊತ್ತೇ ಆಗ್ಲಿಲ್ಲ. ಆಗ್ಲೇ ನಂಗೆ ಗೊತ್ತಾಯ್ತು."

"ಹೇಳ್ಬಾರ್ದಿತ್ತೇನೇ?"

"ನಿಂಗೆ ಯಾರಮ್ಮ ಹೇಳ್ತಾರೆ? ಅಪ್ಪನೂ ತಿಂದ್ರು, ಅಯ್ಯನೋರೂ ತಿಂದ್ರು, ನಾನೂ ತಿಂದೆ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಅಷ್ಟು ಭಯವಾಗುತ್ತಿರಲಿಲ್ಲ.

ತಕ್ಷಣ ಗುಬ್ಬಿಗೆ ಫೋನ್ ಮಾಡಿದೆ. ಚನ್ನೇಶ್ ಎತ್ತಿದ. "ಅಪ್ಪ ಈಗ ನಿದ್ದೆ ಹೋದ್ರು ಅಮ್ಮ. ಆಕ್ಸಿಜನ್ ಹಾಕವ್ರೆ."

"ಚನ್ನೇಶ, ಕಾಯಿಲೆ ಅವ್ರು ತಂದಿದ್ದಲ್ಲ. ನಾನು ಅವ್ರಿಗೆ ಕೊಟ್ಟಿದ್ದು. ಅವತ್ತು ಬೆಳಗ್ಗೇನೇ ನಂಗೆ ಗೊತ್ತಿತ್ತು. ಇದನ್ನ ಅವ್ರಿಗೆ ಹೇಳಪ್ಪ."

ಪಕ್ಕದಲ್ಲಿ ಯಾರೋ ಕೆಮ್ಮುವುದು ಕೇಳುತ್ತಿತ್ತು. "ಎದ್ಮೇಲೆ ಹೇಳ್ತೀನಿ" ಎಂದು ಇಟ್ಟ.

ಮರುದಿನ ಸಿದ್ದಯ್ಯನವರು ತೀರಿಕೊಂಡರು ಎಂದು ಸುದ್ದಿ ಬಂತು.

ಜೂನ್ ಕೊನೆಯಲ್ಲಿ ಅನುಪಮಳಿಗೆ ಹೆಣ್ಣು ಕೂಸಾಯಿತು. ತಾಯಿ, ಕೂಸು ಇಬ್ಬರೂ ಚೆನ್ನಾಗಿದ್ದರು. ಆಗಸ್ಟ್ ಕೊನೆಯಲ್ಲಿ ನಾಮಕರಣಕ್ಕೆ ತಂದೆಯ ಜಾಗದಲ್ಲಿ ಚನ್ನೇಶ್ ಬಂದ. ಬರುವುದಿಲ್ಲ ಎಂದೇ ನಾನು ಅಂದುಕೊಂಡಿದ್ದೆ. ಸೊರಗಿ ಹೋಗಿದ್ದ, ತಂದೆಯದೇ ಟಿವಿಎಸ್‌ನಲ್ಲಿ ಬಂದಿದ್ದ. ಅವನ ಪಾದ ತೊಳೆಯಲು ತಟ್ಟೆ ಇಟ್ಟುಕೊಂಡು ಕೂತೆ. ಮೂರು ತಿಂಗಳಿಂದ ಫೋನಿನಲ್ಲಿ ಕೇಳಲಾಗದ್ದನ್ನು ತಲೆ ಎತ್ತದೆ ಕೇಳಿದೆ.

"ಅಪ್ಪಂಗೆ ಹೇಳಿದ್ಯೇನಪ್ಪ?"

"ಅವ್ರು ಏಳ್ಲಿಲ್ಲ ಅಮ್ಮ" ಎಂದ. ಆಮೇಲೆ ತಗ್ಗಿದ ದನಿಯಲ್ಲಿ ಹೇಳಿದ. "ನಿಮ್ಮ ಫೋನ್ ಇಟ್ಟು ಮಲಗೋ ಮುಂಚೆ ಒಂದ್ಮಾತು ಅಂದ್ರು. ಆ ತಾಯಿ ದೊಡ್ಡ ಮನಸ್ಸಿನೋಳು ಕಣೋ, ಕೇಳಿದ ತಕ್ಷಣ ಕ್ಷಮಿಸಿಬುಟ್ಲು ಅಂತ."

ಅವನ ಪಾದ ನನ್ನ ಕೈಯಲ್ಲೇ ಇತ್ತು. ಅವನು ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ಅಡುಗೆಮನೆಯಿಂದ ಪಾಯಸದ ವಾಸನೆ ಬರುತ್ತಿತ್ತು, ಏಲಕ್ಕಿ, ತುಪ್ಪ, ಎಲ್ಲವೂ ಬೇರೆ ಬೇರೆಯಾಗಿ ಬರುತ್ತಿತ್ತು. ನಾನು ಎರಡೂ ಪಾದ ತೊಳೆದು, ತಟ್ಟೆಯಲ್ಲಿದ್ದ ನೀರನ್ನು ಬೊಗಸೆಯಲ್ಲಿ ತೆಗೆದುಕೊಂಡು ಕುಡಿದೆ.