ವೀರಬಸಪ್ಪನ ಬೆನ್ನಿಗಿಂತ ಮುನಿಆಂಜಿನಪ್ಪನ ಬೆನ್ನು ಯಾವ್ದ್ರಲ್ಲಿ ಕಮ್ಮಿ?

ಯಶವಂತಪುರ ಮಾರ್ಕೆಟ್‌ಗೆ ಹಮಾಲಿ ಮುನಿಆಂಜಿನಪ್ಪ ಬಂದ್ರೆ ಆಲೂಗಡ್ಡೆ ಮೂಟೆಗಳು ತಾವಾಗೇ ಎದ್ದು ನಿಂತ್ಕೋತಿದ್ವು. ಒಂದ್ಸಲ ಅವನು ಸೀನಿದ ರಭಸಕ್ಕೆ ಈರುಳ್ಳಿ ಲಾರಿ ತಿರುಗಿ ತುಮಕೂರಿನ ಕಡೆ ಮುಖ ಮಾಡ್ಕೊಂಡು ನಿಂತಿತ್ತು. ನಂಬದಿದ್ರೆ ಬಿಡಿ, ಕಣ್ಣಾರೆ ನೋಡಿದೋರು ಇದ್ದಾರೆ. ಇಂಥಾ ಮನುಷ್ಯಂಗೆ ಇಳಿಸೋಕಾಗದ ಹೊರೆ ಒಂದೇ ಒಂದಿತ್ತು. ಅದರ ಹೆಸರು ವೀರಬಸಪ್ಪ.

ವೀರಬಸಪ್ಪ ಗದಗ ಕಡೆಯೋನು, ಅದೇ ಮಂಡಿಯಲ್ಲಿ ಹಮಾಲಿ. ಅವನು ಹೊಸ ಟವೆಲ್ ಸುತ್ಕೊಂಡ್ರೂ ಮುನಿಆಂಜಿನಪ್ಪನ ಹೊಟ್ಟೆ ಉರೀತಿತ್ತು. ಈಗಂತೂ ವೀರಬಸಪ್ಪಂಗೆ ಬೆನ್ನಿನ ಆಪರೇಷನ್ ಆಗಿ, ಖುದ್ದೂಸನ ಟೀ ಅಂಗಡೀಲಿ ಮದ್ವೆ ಗಂಡಿನ ಥರ ಕೂತ್ಕೊಂಡು ಮಾತಾಡ್ತಿದ್ದ.

“ಬೆನ್ನೆಲುಬಿನ ನಡುವ ಮೆತ್ತೆಯಂಗ ಇರ್ತದಲ್ಲ ಡಿಸ್ಕು, ನರಾ ಒತ್ತಿದ್ದ ಅದರ ಚೂರು ತಗದ್ರಲ್ಲ, ಅದನ್ನ ಕಸಕ್ಕ ಹಾಕಲಿಲ್ಲ. ನನ್ನ ಒಪ್ಪಿಗಿ ಕೇಳಿ, ಸಂಶೋಧನಾಕ್ಕಂತ ಲ್ಯಾಬಿಗೆ ಒಯ್ದಾರ.”

ಎಲ್ರೂ ಬಾಯ್ಬಿಟ್ಕೊಂಡು ಕೇಳಿದ್ರು. ಖುದ್ದೂಸ್ ಖುಷಿಗೆ ಒಂದು ಬನ್ನೂ ಕೊಟ್ಟ. ಆ ಬನ್ ನೋಡಿ ಮುನಿಆಂಜಿನಪ್ಪಂಗೆ ತಡ್ಕೊಳಕ್ಕಾಗ್ಲಿಲ್ಲ.

“ಇವನ ಡಿಸ್ಕಿಗೇನು ಕೊಂಬು ಐತಾ?” ಅಂತ ಎದ್ದು ಹೊರಟೇ ಬಿಟ್ಟ.

“ಅಣ್ಣಾ, ಎಡಗಾಲಿನ ಚಪ್ಪಲಿ ಇಲ್ಲೇ ಬಿಟ್ಟು ಹೊಂಟಿಯಲ್ಲ!” ವೀರಬಸಪ್ಪ ಕೂಗಿದ.

ಚಪ್ಪಲಿ ಜಾರಿದ್ದು ಮುನಿಆಂಜಿನಪ್ಪಂಗೆ ಗೊತ್ತೇ ಆಗಿರ್ಲಿಲ್ಲ. ಯುಗಾದಿ ಕಳೆದಾಗಿಂದ ಸೊಂಟದಿಂದ ಪಾದದವರೆಗೂ ನೋವು. ಈಚೆಗೆ ಪಾದ ಜೋಮು, ಹೆಬ್ಬೆರಳು ಮೇಲಕ್ಕೇ ಏಳ್ತಿರ್ಲಿಲ್ಲ. ಯಾರಿಗೂ ಹೇಳಿರ್ಲಿಲ್ಲ. ಹೇಳಿದ್ರೆ ವೀರಬಸಪ್ಪ ನಗ್ತಾನಲ್ಲ!

ಮನೇಲಿ ಅವನು ಕುಂಟೋದು ನೋಡಿ ಹೆಂಡ್ತಿ ಅಂಜನಮ್ಮ ಬಿಡ್ಲಿಲ್ಲ. “ಮೂಟೆ ಎತ್ತೋ ಗಂಡ್ಸಿಗೆ ಚಪ್ಪಲಿ ಎತ್ತಕ್ಕಾಗ್ತಿಲ್ಲ. ಆಸ್ಪತ್ರೆಗೆ ನಡಿ.”

“ಅವನು ಓದ ಆಸ್ಪತ್ರೆಗೆ ನಾನು ಓಗಲ್ಲ.”

“ಅಂಗಾದ್ರೆ ಕುಂಟ್ಕೊಂಡು ಮನೇಲೇ ಬಿದ್ದಿರು. ಮಂಡಿ ಪೂರ್ತಿ ಅವನೇ ಆಳ್ಲಿ.”

ಅವಳ ಮಾತು ಮುಗಿಯೋದ್ರೊಳಗೆ ಮುನಿಆಂಜಿನಪ್ಪ ಆಟೋದಲ್ಲಿ ಕೂತಿದ್ದ.

ಡಾಕ್ಟ್ರು ಸ್ಕ್ಯಾನ್ ನೋಡಿದ್ರು. “ನರ ಒತ್ಕೊಂಡಿದೆ, ಕಾಲಿನ ಬಲ ಇಳೀತಿದೆ. ಇನ್ನೂ ತಡ ಮಾಡಿದ್ರೆ ವಾಪಸ್ ಬರೋದು ಕಷ್ಟ. ಆಪರೇಷನ್ ಮಾಡ್ಬೇಕು” ಅಂದ್ರು. ಗಂಡ ಹೆಂಡ್ತಿ ಒಪ್ಕೊಂಡ್ರು.

ಆಮೇಲೆ ಸಂಶೋಧನೆಯೋರ ಕಡೆಯಿಂದ ಶಶಿರೇಖಾ ಮೇಡಂ ಬಂದ್ರು. “ಆಪರೇಷನ್‌ನಲ್ಲಿ ತೆಗೆಯೋ ಡಿಸ್ಕಿನ ಚೂರನ್ನ ನಮ್ಗೆ ಕೊಡ್ತೀರಾ? ಕೊಡ್ಲೇಬೇಕು ಅಂತೇನಿಲ್ಲ. ಬೇಡ ಅಂದ್ರೂ ಟ್ರೀಟ್ಮೆಂಟ್ ಒಂದೇ ಥರ.”

“ಅದ್ರಲ್ಲಿ ಏನ್ ನೋಡ್ತೀರಮ್ಮಾ?” ಅಂಜನಮ್ಮ ಕೇಳಿದ್ಲು.

“ಮೈಯೊಳಗೆ ಜೀನ್ ಅಂತ ಇರ್ತವೆ, ನಿಮ್ ಮಂಡಿ ಮೇಸ್ತ್ರಿ ಇದ್ದಂಗೆ, ಏನ್ ಮಾಡ್ಬೇಕು ಅಂತ ಹೇಳ್ತವೆ. ಪ್ರೋಟೀನ್‌ಗಳು ಹಮಾಲಿಗಳ ಥರ, ಕೆಲ್ಸ ಮಾಡೋವು. ಸವೆದ ಡಿಸ್ಕಲ್ಲಿ ಯಾವ ಮೇಸ್ತ್ರಿ ಸುಮ್ನೆ ಕೂಗಾಡ್ತಿದ್ದಾನೆ, ಯಾವನು ಮಲ್ಗಿದ್ದಾನೆ, ಯಾವ ಹಮಾಲಿ ಕೆಲ್ಸಕ್ಕೇ ಬಂದಿಲ್ಲ ಅಂತ ನೋಡ್ತೀವಿ.”

“ನಂದು ಚೆನ್ನಾಗೈತೋ ವೀರಬಸಪ್ಪಂದೋ, ಏಳ್ತೀರಾ?”

“ಇಲ್ಲಪ್ಪಾ. ಅಲ್ಲಿ ಹೆಸರಿರಲ್ಲ, ಬರೀ ನಂಬರು. ಒಬ್ರದ್ದು ಇನ್ನೊಬ್ರಿಗೆ ಹೇಳಲ್ಲ.”

“ಮೊದ್ಲು ನಂದು ನೋಡಿ ಅಂದ್ರೆ? ಪೆನ್ ಕೊಡಿ ಇಲ್ಲಿ!”

ಮೇಡಂ ಪೆನ್ ಹಿಂದಕ್ಕೆ ಎಳ್ಕೊಂಡ್ರು. “ಹೊಟ್ಟೆಕಿಚ್ಚಿಗೆ ಸೈನ್ ಹಾಕ್ಬೇಡಿ. ಮನೇಲಿ ಮಾತಾಡ್ಕೊಂಡು ನಾಳೆ ಹೇಳಿ.”

ಮುನಿಆಂಜಿನಪ್ಪ ಮುಖ ಕೆಂಪಗೆ ಮಾಡ್ಕೊಂಡ. ಆಮೇಲೆ ಒಳಗೇ ಕೊರೀತಿದ್ದುದನ್ನ ಹೊರಗೆ ಹಾಕಿದ. “ಅವನಿಗಿಂತ ಜಾಸ್ತಿ ಎತ್ತಿದೋನು ನಾನು, ವಯಸ್ಸೂ ನಂಗೇ ಜಾಸ್ತಿ. ಆದ್ರೂ ಮೊದ್ಲು ಅವನ ಬೆನ್ನು ಓಯ್ತು. ಅದ್ಯಾಕಮ್ಮಾ?”

ಶಶಿರೇಖಾ ಕುರ್ಚಿ ಹತ್ರ ಎಳ್ಕೊಂಡು ಕೂತ್ರು. “ನಾವೂ ಅದನ್ನೇ ಕೇಳ್ತಿರೋದು ಕಣ್ರೀ. ಅದೇ ಮೂಟೆ, ಅದೇ ಮಂಡಿ. ಒಬ್ರ ಬೆನ್ನು ಬೇಗ ಸವೆಯುತ್ತೆ, ಇನ್ನೊಬ್ರದ್ದು ನಿಧಾನ. ಒಂದು ಡಿಸ್ಕ್ ನೋಡಿದ್ರೆ ಏನೂ ಗೊತ್ತಾಗಲ್ಲ. ತುಂಬಾ ಜನರದ್ದು ಹೋಲಿಸಿ ನೋಡ್ಬೇಕು.”

ಮುನಿಆಂಜಿನಪ್ಪ ಬೆರಗಾದ. ಇಷ್ಟು ವರ್ಷ ತಾನು ಮಾಡ್ಕೊಂಡು ಬಂದಿದ್ದೂ ಹೋಲಿಸೋದೇ. ಅದಕ್ಕೆ ಲ್ಯಾಬ್ ಕಟ್ಟಿ ಸಂಬಳ ಕೊಡ್ತಾರೆ ಅಂತ ಯಾರೂ ಹೇಳಿರ್ಲಿಲ್ಲ.

“ನಮ್ ವಾಸುಗೆ ಮುಂದೆ ಇಂಗಾಗದಂಗೆ ಔಷಧಿ ಬರ್ತದಾ?” ಮಗನ್ನ ನೆನೆಸ್ಕೊಂಡು ಅಂಜನಮ್ಮ ಕೇಳಿದ್ಲು.

“ಬರ್ತದೆ ಅಂತ ಸುಳ್ಳು ಹೇಳಲ್ಲಮ್ಮ. ಯಾಕೆ ಸವೆಯುತ್ತೆ ಅಂತ ಗೊತ್ತಾದ್ರೆ ತಾನೇ ತಡೆಯೋ ದಾರಿ ಹುಡುಕೋದು?”

ಮಾರನೇ ದಿನ ಗಂಡ ಹೆಂಡ್ತಿ ಇಬ್ರೂ ಒಪ್ಪಿದ್ರು, ಮುನಿಆಂಜಿನಪ್ಪ ಸೈನ್ ಹಾಕಿದ. ಆಪರೇಷನ್ ಆಯ್ತು. ಕಾಲಿನ ಜೋಮು ಪೂರ್ತಿ ಹೋಗೋಕೆ ಟೈಮ್ ಬೇಕು ಅಂದ್ರು, ಆದ್ರೆ ಹೆಬ್ಬೆರಳು ಮೆಲ್ಲಗೆ ಎದ್ದಿತು. ನೋಡೋಕೆ ಬಂದ ವೀರಬಸಪ್ಪ ಕೇಳಿದ: “ನಿಂದೂ ಕೊಟ್ಟಿಯಂತಲ್ಲೋ ಅಣ್ಣಾ?”

“ಕೊಡ್ದೆ ಇನ್ನೇನಪ್ಪಾ. ನಿಂದೊಂದೇ ಇದ್ರೆ ಕೆಲ್ಸಕ್ಕೆ ಬರಲ್ವಂತೆ.”

ಅಣ್ಣಂದಿರೇ, ಅಕ್ಕಂದಿರೇ, ಬೆನ್ನುನೋವಿನ ಜೊತೆ ಕಾಲಿಗೆ ಜೋಮು ಹಿಡಿದ್ರೆ, ಬಲ ಇಳಿದ್ರೆ ಮುಚ್ಚಿಡ್ಬೇಡಿ, ಬೇಗ ಡಾಕ್ಟರಿಗೆ ತೋರ್ಸಿ. ಉಚ್ಚೆ ಕಟ್ಟಿದ್ರೆ ಅಥ್ವಾ ತಡೆಯೋಕಾಗದೇ ಇದ್ರೆ ಒಂದು ಗಳಿಗೆನೂ ಕಾಯ್ಬೇಡಿ. ಆಪರೇಷನ್‌ನಲ್ಲಿ ತೆಗೆಯೋ ಚೂರನ್ನ ಸಂಶೋಧನೆಗೆ ಕೇಳಿದ್ರೆ ಹೆದರ್ಬೇಡಿ, ಕೇಳಿ ತಿಳ್ಕೊಳ್ಳಿ: ಯಾಕೆ ಬೇಕು, ಹೆಸರು ಗುಟ್ಟಾಗಿರುತ್ತಾ, ಬೇಡ ಅನ್ಬೋದಾ? ಸಮಾಧಾನ ಆದ್ರೆ ಕೊಡಿ, ಇಲ್ದಿದ್ರೆ ಬೇಡ ಅನ್ನಿ. ಪಕ್ಕದೋನು ನಗ್ತಾನೆ ಅಂತ ಮಾತ್ರ ನೋವು ನುಂಗ್ಬೇಡಿ. ನೀವು ನಗ್ತೀರಾ ಅಂತ ಅವನೂ ನುಂಗ್ಕೊಂಡೇ ಇರ್ಬೋದು.